ಹಳೇ ಕೋವಿ ಸಂಗ್ರಹ: ಕೊಳ್ಳುವ ಮುಂಚಿನಿಂದ ಕಪಾಟು ಸೇರಿಸುವವರೆಗೆ, ಹಂತ ಹಂತವಾಗಿ

ಹಳೇ ಕೋವಿ ಸಂಗ್ರಹಿಸಲು ಹೊರಟವರು ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಕೋವಿ ಕಣ್ಣಿಗೆ ಬಿದ್ದ ಕೂಡಲೇ ಕೊಳ್ಳುತ್ತಾರೆ. ಮನೆಗೆ ತಂದ ಕೂಡಲೇ ತಿಕ್ಕಿ ಹೊಳಪು ಬರಿಸುತ್ತಾರೆ. ಕಾಗದಪತ್ರದ ಯೋಚನೆ ಆಮೇಲೆ ಬರುತ್ತದೆ. ಒಳಗೆ ಈಡು, ಅಂದರೆ ತುಂಬಿಟ್ಟ ಮದ್ದು-ಗುಂಡು, ಇದೆಯಾ ಅನ್ನುವುದು ಎಲ್ಲಕ್ಕಿಂತ ಕೊನೆಗೆ ನೆನಪಾಗುತ್ತದೆ, ಕೆಲವರಿಗೆ ನೆನಪಾಗುವುದೇ ಇಲ್ಲ.

ಈ ಕ್ರಮ ಪೂರ್ತಿ ಉಲ್ಟಾ. ಮೊದಲು ಕಾನೂನು, ಆಮೇಲೆ ಈಡಿನ ಪರೀಕ್ಷೆ, ಆಮೇಲೆ ಗುರುತು ಹಿಡಿಯುವುದು, ಆಮೇಲೆ ಹಣ. ಶುಚಿ ಮಾಡುವುದು ಇದೆಲ್ಲ ಮುಗಿದ ಮೇಲೆ, ಅದೂ ಆದಷ್ಟು ಕಡಿಮೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದನ್ನು ಹಾರಿಸಿ ಮುಂದೆ ಹೋದರೆ ಆಗುವ ನಷ್ಟವನ್ನು ಸರಿಪಡಿಸುವುದು ಎಷ್ಟೋ ಸಲ ಸಾಧ್ಯವೇ ಇರುವುದಿಲ್ಲ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಇದು ನೋಡಿ ಕಾಪಾಡುವ ಹವ್ಯಾಸ, ಹಾರಿಸುವ ಹವ್ಯಾಸ ಅಲ್ಲ. ನೂರು ವರ್ಷ ದಾಟಿದ ನಳಿಗೆಯ ಒಳಗೆ ಎಲ್ಲಿ ಸವೆದಿದೆ, ಎಲ್ಲಿ ಸೀಳಿದೆ ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅದನ್ನು ಹಾರಿಸಿ ನೋಡುವ ಆಸೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

## ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ನಳಿಗೆಯೊಳಗೆ ಸಲೀಸಾಗಿ ಇಳಿಯುವಷ್ಟು ಸಣ್ಣದಾದ, ನಳಿಗೆಗಿಂತ ಉದ್ದವಾದ, ನೆಟ್ಟಗಿರುವ ಒಂದು ಮರದ ಕೋಲು. ಹಿತ್ತಾಳೆ ಕಡ್ಡಿಯಾದರೂ ಆಗುತ್ತದೆ, ಕಬ್ಬಿಣದ ಸರಳು ಮಾತ್ರ ಬೇಡ, ಅದು ಕಿಡಿ ಹಾರಿಸಬಹುದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಸಣ್ಣ ಟಾರ್ಚು, ವರ್ನಿಯರ್ ಕ್ಯಾಲಿಪರ್, ಅಳತೆ ಟೇಪು, ಅಯಸ್ಕಾಂತ. ಕೈಗೆ ನೈಟ್ರೈಲ್ ಕೈಗವಸು. ಮೆತ್ತನೆಯ ಹತ್ತಿ ಬಟ್ಟೆ, ತೆಳುವಾದ ಕೋವಿ ಎಣ್ಣೆ, ಮೈಕ್ರೋಕ್ರಿಸ್ಟಲಿನ್ ಮೇಣ. ಒಂದು ನೋಟ್‌ಬುಕ್ಕು, ಒಂದು ಕ್ಯಾಮೆರಾ.

ಅಲ್ಟ್ರಾವಯಲೆಟ್ ಟಾರ್ಚು ಸಿಕ್ಕರೆ ತುಂಬ ಒಳ್ಳೆಯದು. ಕತ್ತಲೆಯಲ್ಲಿ ಅದನ್ನು ಮರದ ಮೇಲೆ ಹಿಡಿದರೆ ಹೊಸ ಅಂಟು, ಹೊಸ ವಾರ್ನಿಷ್ ಸುತ್ತಲಿನ ಹಳೇ ಮೆರುಗಿಗಿಂತ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಮುರಿದು ಅಂಟಿಸಿದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಎಮರಿ ಪೇಪರ್, ತಂತಿ ಬ್ರಷ್ಷು, ಡ್ರಿಲ್ಲಿಗೆ ಹಾಕುವ ಪಾಲಿಶ್ ಚಕ್ರ, ತುಕ್ಕು ತೆಗೆಯುವ ಆಸಿಡ್ ಇವನ್ನು ಕೆಲಸದ ಮೇಜಿನ ಹತ್ತಿರವೇ ಇಡಬೇಡಿ. ಕೈಗೆ ಸಿಕ್ಕಿದರೆ ಬಳಸುವ ಮನಸ್ಸಾಗುತ್ತದೆ.

## 1. ಕಾನೂನು ತಿಳಿದುಕೊಳ್ಳುವುದು

"ಹಳೇದು ತಾನೇ, ಲೈಸೆನ್ಸ್ ಯಾಕೆ" ಅನ್ನುವ ಮಾತಿನಿಂದ ಸಿಕ್ಕಿಹಾಕಿಕೊಂಡವರು ಬಹಳ ಜನ. ಹಳೇದು ಅನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಅಮೆರಿಕದ ಕೇಂದ್ರ ಕಾನೂನು 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದನ್ನು ಪುರಾತನ ಎನ್ನುತ್ತದೆ. ಕೆನಡಾದಲ್ಲಿ 1898ಕ್ಕಿಂತ ಮೊದಲು ಆಗಿರಬೇಕು, ಜೊತೆಗೆ ಯಾವ ತೋಟಾ ಹಾಕುತ್ತದೆ ಅನ್ನುವುದಕ್ಕೂ ಷರತ್ತಿದೆ. ಬ್ರಿಟನ್ನಿನಲ್ಲಿ ತಯಾರಾದ ಕಾಲ, ಈಡು ಹೊತ್ತಿಸುವ ವಿಧಾನ, ತೋಟಾ ಬಳಕೆ ತಪ್ಪಿದೆಯಾ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಅಂಥ ಕೋವಿಯನ್ನೂ ಅಪರೂಪದ ವಸ್ತುವಾಗಿ ಅಥವಾ ಅಲಂಕಾರಕ್ಕೆ ಮಾತ್ರ ಇಟ್ಟುಕೊಳ್ಳಬಹುದು.

ಭಾರತದಲ್ಲಿ ಬರೀ ವಯಸ್ಸು ಸಾಲದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇದೆ. ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬರಬಾರದು. ಅಂದರೆ ಅಜ್ಜನ ಕಾಲದ ಕೇಪಿನ ಕೋವಿ (ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಸಣ್ಣ ಲೋಹದ ಟೋಪಿ, ಅಂದರೆ ಕೇಪು, ಹಾಕುವಂಥದ್ದು) ಸ್ವಲ್ಪ ಸರಿಮಾಡಿದರೆ ಹಾರುತ್ತದೆ ಅನ್ನುವಂತಿದ್ದರೆ ವಿನಾಯಿತಿ ಸಿಗುವುದಿಲ್ಲ.

ಹೀಗಾಗಿ ಕೊಳ್ಳುವ ಮುಂಚೆ ಮೂರು ಪ್ರಶ್ನೆಗೆ ಬರಹದಲ್ಲಿ ಉತ್ತರ ಬೇಕು. ಇದನ್ನು ಇಟ್ಟುಕೊಳ್ಳಲು ಅನುಮತಿ ಬೇಕಾ? ಇದರ ಜೊತೆ ಬರುವ ತೋಟಾ, ಕೇಪು, ಮದ್ದು ಇಟ್ಟುಕೊಳ್ಳಲು ಬೇರೆ ಅನುಮತಿ ಬೇಕಾ? ಇದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಹುದಾ? ಉತ್ತರ ಕೇಳಬೇಕಾದದ್ದು ಲೈಸೆನ್ಸ್ ಕೊಡುವ ಅಧಿಕಾರಿಯನ್ನು ಅಥವಾ ಈ ಕಾನೂನು ಬಲ್ಲ ವಕೀಲರನ್ನು. ಮಾರುವವನ ಮಾತು ಉತ್ತರ ಅಲ್ಲ.

ಗಡಿ ದಾಟಿಸುವುದಿದ್ದರೆ ಇನ್ನೂ ಎರಡು ತೊಡಕು. ಹಿಡಿಯ ಮೇಲೆ ಆನೆ ದಂತ ಅಥವಾ ಕಡಲಾಮೆಯ ಚಿಪ್ಪಿನ ಕೆತ್ತನೆ ಇದ್ದರೆ ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಸೈಟಿಸ್, ಅಡ್ಡ ಬರುತ್ತದೆ. ಹಾಗೆಯೇ ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ.

ಎಚ್ಚರದ ಗುರುತು: "ಕಾಗದ ಏನೂ ಬೇಡ, ಸುಮ್ನೆ ತಗೊಂಡು ಹೋಗಿ" ಎಂದರೆ ಅಲ್ಲಿಂದ ಹೊರಡಿ. ಸೀರಿಯಲ್ ನಂಬರ್ ಇರಬೇಕಾದ ಜಾಗ ಅರದಿಂದ ಉಜ್ಜಿದಂತೆ ತಗ್ಗಾಗಿದ್ದರೂ ಅಷ್ಟೇ.

## 2. ಸಂಗ್ರಹಕ್ಕೆ ಒಂದು ಗೆರೆ ಎಳೆಯುವುದು

ಕಂಡದ್ದೆಲ್ಲ ಕೊಂಡರೆ ಯಾವುದರ ಬಗ್ಗೆಯೂ ಆಳವಾಗಿ ತಿಳಿಯುವುದಿಲ್ಲ. ತಿಳಿಯದವನಿಗೆ ನಕಲಿ ದಾಟಿಸುವುದು ಸುಲಭ. ಒಂದು ಹೊತ್ತಿಸುವ ವಿಧಾನ, ಒಂದು ತಯಾರಕ ಅಥವಾ ಒಂದು ಮಾದರಿ, ಯಾವುದಾದರೂ ಒಂದನ್ನು ಆರಿಸಿಕೊಳ್ಳಿ. ಉದಾಹರಣೆಗೆ ಬ್ರಿಟಿಷ್ ಸೈನ್ಯದ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಒಂದನ್ನೇ ಹಿಡಿದರೂ ಅದರ ಕುಳ್ಳು ರೂಪಗಳು, ಬೇರೆ ಬೇರೆ ಕಾರ್ಖಾನೆಯವು, ಆಮೇಲೆ ಬಂದ ನಕಲುಗಳು ಎಲ್ಲ ಸೇರಿ ವರ್ಷಗಟ್ಟಲೆ ಓದುವಷ್ಟಿದೆ.

ಮೊದಲ ಕೆಲವು ತಿಂಗಳು ಕೊಳ್ಳಲೇಬೇಡಿ. ವಸ್ತುಸಂಗ್ರಹಾಲಯಕ್ಕೆ ಹೋಗಿ ನೀವು ಆರಿಸಿದ ಜಾತಿಯದ್ದನ್ನೇ ಮತ್ತೆ ಮತ್ತೆ ನೋಡಿ. ತಿರುಪಿನ ತಲೆ ಹೇಗಿದೆ, ಮರ ಕಬ್ಬಿಣವನ್ನು ಹೇಗೆ ಅಪ್ಪಿಕೊಂಡಿದೆ, ಅಕ್ಷರಗಳ ಅಂಚು ಎಷ್ಟು ಚೂಪಾಗಿದೆ ಅಂತ ಕಣ್ಣಿಗೆ ಅಭ್ಯಾಸ ಆಗಬೇಕು. ಅಸಲಿಯನ್ನು ಸಾಕಷ್ಟು ನೋಡಿದವನ ಕಣ್ಣಿಗೆ ನಕಲಿ ತಾನಾಗಿ ಚುಚ್ಚುತ್ತದೆ.

## 3. ಈಡು ಇದೆಯಾ ನೋಡುವುದು

ಇದು ಈ ಹವ್ಯಾಸದ ಅತಿ ಮುಖ್ಯ ಹಂತ. ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಈಡು ತುಂಬಿ, ಹಾರಿಸದೆ ಗೋಡೆಗೆ ಒರಗಿಸಿಟ್ಟು ಮರೆತದ್ದು ಎಷ್ಟೋ ಇದೆ. ಅವು ಹಾಗೆಯೇ ಕೈಯಿಂದ ಕೈಗೆ ಬರುತ್ತವೆ. ಕರಿಮದ್ದು ಅಂದರೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಈ ಮೂರರಲ್ಲಿ ಯಾವುದೂ ಹಳಸಿ ಹೋಗುವುದಿಲ್ಲ. ಒಣಗಿದ ಜಾಗದಲ್ಲಿದ್ದರೆ ನೂರೈವತ್ತು ವರ್ಷ ಆದಮೇಲೂ ಹತ್ತಿಕೊಳ್ಳುತ್ತದೆ. ಒದ್ದೆಯಾದದ್ದು ಒಣಗಿದ ಮೇಲೆ ಮತ್ತೆ ಹತ್ತಿಕೊಳ್ಳಬಹುದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಅಲ್ಲಿನ ಅಂತರ್ಯುದ್ಧದ ಕಾಲದ ಫಿರಂಗಿ ಗುಂಡನ್ನು ಶುಚಿ ಮಾಡುತ್ತಿದ್ದ ಅನುಭವಿ ಸಂಗ್ರಾಹಕರೊಬ್ಬರು ಅದು ಸಿಡಿದು ತೀರಿಕೊಂಡರು.

ಹಾಗಾಗಿ ಕೋವಿ ಕೈಗೆ ಬಂದ ತಕ್ಷಣ, ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ, ಮೊದಲು ಇದು.

ಕೋವಿಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ. ಕುದುರೆಯನ್ನು, ಅಂದರೆ ಟ್ರಿಗರ್ ಒತ್ತಿದಾಗ ಬಡಿಯುವ ಸುತ್ತಿಗೆಯಂಥ ಭಾಗವನ್ನು, ಎಳೆಯಬೇಡಿ, ಟ್ರಿಗರ್ ಮುಟ್ಟಬೇಡಿ. ಕುದುರೆ ಮೊದಲೇ ಎತ್ತಿದ ಸ್ಥಿತಿಯಲ್ಲಿದ್ದರೆ ನೀವು ಇಳಿಸಲು ಹೋಗಬೇಡಿ, ಬಲ್ಲವರನ್ನು ಕರೆಯಿರಿ. ನಿಪ್ಪಲ್, ಅಂದರೆ ಕೇಪು ಕೂರಿಸುವ ಸಣ್ಣ ಕೊಳವೆ, ಅದರ ಮೇಲೆ ಕೇಪು ಕೂತಿದೆಯಾ ನೋಡಿ. ಕೇಪು ಇದ್ದರೆ ಈಡು ಇದೆ ಅಂತಲೇ ಲೆಕ್ಕ.

ಕೋಲನ್ನು ಮೆಲ್ಲಗೆ ನಳಿಗೆಯೊಳಗೆ ಬಿಡಿ. ತಳ ಮುಟ್ಟಿದಾಗ ನಳಿಗೆಯ ಬಾಯಿಯ ಮಟ್ಟಕ್ಕೆ ಸರಿಯಾಗಿ ಕೋಲಿನ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಈ ಹೊತ್ತಿನಲ್ಲಿ ನಿಮ್ಮ ಮುಖ, ಅಂಗೈ ನಳಿಗೆಯ ಬಾಯಿಗೆ ಎದುರಾಗಿ ಇರಬಾರದು, ಕೋಲನ್ನು ಪಕ್ಕದಿಂದ ಬೆರಳ ತುದಿಯಲ್ಲಿ ಹಿಡಿಯಿರಿ. ಈಗ ಕೋಲು ಹೊರಗೆ ತೆಗೆದು, ಗುರುತು ಬಾಯಿಯ ಮಟ್ಟಕ್ಕೇ ಬರುವ ಹಾಗೆ ನಳಿಗೆಯ ಪಕ್ಕದಲ್ಲಿ ಹೊರಗಿನಿಂದ ಹಿಡಿಯಿರಿ. ಕೋಲಿನ ತುದಿ, ಕಲ್ಲಿನ ಕಿಡಿಯಿಂದ ಹೊತ್ತುವ ಚಕಮಕಿ ಕೋವಿಯಲ್ಲಿ ಬೆಂಕಿ ತೂತಿನ (ಬೆಂಕಿ ನಳಿಗೆಯೊಳಗೆ ಹೋಗುವ ಪಕ್ಕದ ತೂತು) ತನಕ, ಕೇಪಿನ ಕೋವಿಯಲ್ಲಿ ನಿಪ್ಪಲ್ಲಿನ ಬುಡದ ತನಕ ಬರಬೇಕು. ಹೆಬ್ಬೆರಳ ಅಗಲದಷ್ಟು ಅಥವಾ ಅದಕ್ಕೂ ಜಾಸ್ತಿ ಮುಂಚೆಯೇ ನಿಂತಿದ್ದರೆ ಒಳಗೆ ಏನೋ ಇದೆ.

ಸದ್ದನ್ನೂ ಕೇಳಿ. ಖಾಲಿ ನಳಿಗೆಯ ತಳಕ್ಕೆ ಹಿತ್ತಾಳೆ ಕಡ್ಡಿ ತಾಗಿದರೆ ಟಣ್ ಅಂತ ಗಟ್ಟಿ ಸದ್ದು ಬರುತ್ತದೆ. ಈಡಿನ ಮೇಲೆ ಜಡಿದ ಬಟ್ಟೆ, ಕಾಗದಕ್ಕೆ ತಾಗಿದರೆ ಮಂದವಾಗಿ ದಪ್ ಅನ್ನುತ್ತದೆ. ಕೆಲವು ನಳಿಗೆಗಳಲ್ಲಿ ಮದ್ದು ಕೂರುವ ಕೋಣೆಯೇ ಕಿರಿದಾಗಿರುವುದರಿಂದ ಕೋಲು ಸ್ವಲ್ಪ ಮುಂಚೆ ನಿಲ್ಲುವುದುಂಟು. ಹುಳ ಕಟ್ಟಿದ ಮಣ್ಣಿನ ಗೂಡೂ ಇರಬಹುದು. ಆದರೆ ಅದನ್ನು ನೀವು ಊಹಿಸಿ ತೀರ್ಮಾನಿಸಬೇಡಿ. ಅನುಮಾನ ಬಂದರೆ ಈಡು ಇದೆ ಅಂತಲೇ ತಿಳಿಯಿರಿ.

ಜೋಡುನಳಿಗೆಯಲ್ಲಿ ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದು ಖಾಲಿ ಇದೆ ಅಂತ ಇನ್ನೊಂದನ್ನು ಬಿಟ್ಟುಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಬೇಟೆಗಾರ ಒಂದೇ ಈಡು ಹೊಡೆದು ಇನ್ನೊಂದನ್ನು ಹಾಗೆಯೇ ಉಳಿಸಿರುತ್ತಾನೆ, ಅಲ್ವಾ? ಕೇಪಿನ ರಿವಾಲ್ವರಿನಲ್ಲಿ ಪ್ರತಿ ಗೂಡನ್ನೂ ಟಾರ್ಚು ಹಿಡಿದು ಪಕ್ಕದಿಂದ ನೋಡಿ. ಪಿನ್‌ಫೈರ್ ರಿವಾಲ್ವರಿನಲ್ಲಿ ತೋಟಾ ಇದ್ದರೆ ಉರುಳೆಯ ಸುತ್ತ ಸಣ್ಣ ಮೊಳೆಗಳು ಎದ್ದು ನಿಂತಿರುತ್ತವೆ. ಆ ಮೊಳೆಗೆ ಪೆಟ್ಟು ಬಿದ್ದರೆ ಹಾರುತ್ತದೆ, ಆದ್ದರಿಂದ ಅದನ್ನು ಮೇಜಿನ ಮೇಲೆ ಇಡುವುದಕ್ಕೂ ಮೊದಲು ಯೋಚಿಸಿ.

ಈಡು ಇದೆ ಅನ್ನಿಸಿದರೆ ನಿಮ್ಮ ಕೆಲಸ ಅಲ್ಲಿಗೆ ನಿಲ್ಲಬೇಕು. ಬಡಿಯಬೇಡಿ, ಕಾಯಿಸಬೇಡಿ, ಡ್ರಿಲ್ ಹಾಕಬೇಡಿ, ತುಕ್ಕು ಹಿಡಿದ ನಿಪ್ಪಲ್ ಬಿಚ್ಚಲು ಬೆಂಕಿ ತೋರಿಸಬೇಡಿ. ಎಣ್ಣೆ ಸುರಿದರೆ ಮದ್ದು ಸತ್ತುಹೋಗುತ್ತದೆ ಅನ್ನುವುದನ್ನು ನಂಬಬೇಡಿ, ಗಟ್ಟಿಯಾಗಿ ಜಡಿದ ಈಡಿನ ಆಚೆಗೆ ಎಣ್ಣೆ ಇಳಿಯದೆಯೂ ಇರಬಹುದು. "ಈಡು ಇರಬಹುದು, ಮುಟ್ಟಬೇಡಿ" ಎಂದು ಚೀಟಿ ಕಟ್ಟಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಅಥವಾ ಪೊಲೀಸರನ್ನು ಕರೆಯಿರಿ. ಹಳೇ ಕೇಪಿನ ಡಬ್ಬಿ, ಮದ್ದಿನ ಕೊಂಬು, ಸಡಿಲ ತೋಟಾ ಜೊತೆಗೆ ಬಂದರೂ ಅದೇ ನಿಯಮ. ಹತ್ತೊಂಬತ್ತನೇ ಶತಮಾನದ ಕೇಪಿನಲ್ಲಿ ಇರುವುದು ಪಾದರಸದ ಫಲ್ಮಿನೇಟ್, ಒಂದು ಪೆಟ್ಟು ಸಾಕು ಸಿಡಿಯಲು.

## 4. ಯಾವ ಜಾತಿ, ಯಾವ ಕಾಲ

ಈಡು ಹೊತ್ತಿಕೊಳ್ಳುವ ಬಗೆಯಿಂದ ಶುರು ಮಾಡಿ. ಉರಿಯುವ ಬತ್ತಿ ಹಿಡಿಯುವ ಕೊಕ್ಕೆ ಇದ್ದರೆ ಬತ್ತಿ ಕೋವಿ. ಕಲ್ಲು ಕಚ್ಚಿದ ಕುದುರೆ, ಎದುರಿಗೆ ಉಕ್ಕಿನ ಮುಚ್ಚಳ, ಕೆಳಗೆ ಮದ್ದಿನ ಬಟ್ಟಲು ಇದ್ದರೆ ಚಕಮಕಿ ಕೋವಿ. ನಿಪ್ಪಲ್ ಇದ್ದರೆ ಕೇಪಿನ ಕೋವಿ. ಹಿಂದಿನಿಂದ ತೆರೆದು ತುಂಬುವುದಾದರೆ ಬಹುಮಟ್ಟಿಗೆ ತೋಟಾ ಕೋವಿ.

ಇಲ್ಲೊಂದು ಬಲೆ ಇದೆ. ಜಾತಿ ಹಳೇದಾದ ಮಾತ್ರಕ್ಕೆ ಕೋವಿ ಅಷ್ಟೇ ಹಳೇದಲ್ಲ. ಭಾರತದಲ್ಲಿ, ಜಪಾನಿನಲ್ಲಿ ಬತ್ತಿ ಕೋವಿಗಳನ್ನು 19ನೇ ಶತಮಾನದವರೆಗೂ ಮಾಡುತ್ತಿದ್ದರು. ಕೇಪಿನ ಕೋವಿಯನ್ನು ತೋಟಾ ಬಂದ ಎಷ್ಟೋ ಕಾಲದ ಮೇಲೂ ಬಳಸಿದ್ದಾರೆ. ಆದ್ದರಿಂದ ಜಾತಿ ಹೇಳುವುದು "ಇದಕ್ಕಿಂತ ಹಿಂದಿನದಲ್ಲ" ಅನ್ನುವುದನ್ನು ಮಾತ್ರ.

ಆಮೇಲೆ ಮುದ್ರೆಗಳಿಗೆ ಬನ್ನಿ. ನಳಿಗೆಯ ಹಿಂಭಾಗ, ಅದರ ಅಡಿ, ಲಾಕ್ (ಈಡು ಹೊತ್ತಿಸುವ ಯಂತ್ರಭಾಗ) ಕೂತಿರುವ ತಟ್ಟೆ, ಹಿಡಿಯ ಬುಡದ ಲೋಹ, ಇಷ್ಟು ಕಡೆ ಭೂತಗನ್ನಡಿ ಹಿಡಿದು ನೋಡಿ. ನಳಿಗೆಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಮನೆಗಳ ಗುರುತು ತುಂಬ ಉಪಯೋಗಕ್ಕೆ ಬರುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ 1813ರಲ್ಲಿ ಕಾಯ್ದೆಯಿಂದ ಸ್ಥಾಪನೆಯಾದದ್ದು. ಹೀಗಾಗಿ ಅದರ ಮುದ್ರೆ ಇರುವ ನಳಿಗೆ 1700ರ ಆಸುಪಾಸಿನದ್ದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಲ್ಜಿಯಂನ ಲಿಯೇಜ್ ಪಟ್ಟಣದ ಮುದ್ರೆಯಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ಇ.ಎಲ್.ಜಿ. ಅಕ್ಷರಗಳಿರುತ್ತವೆ. ಮೇಲೆ ಕಿರೀಟವೂ ಇದ್ದರೆ ಅದು 1893ರ ನಂತರದ್ದು.

ದೇಶದ ಹೆಸರು ಇಂಗ್ಲಿಷಿನಲ್ಲಿ ಕೊರೆದಿದ್ದರೆ ಅದೂ ಸುಳಿವೇ. ಅಮೆರಿಕಕ್ಕೆ ಬರುವ ಸರಕಿನ ಮೇಲೆ ತಯಾರಾದ ದೇಶದ ಹೆಸರು ಇರಲೇಬೇಕೆಂಬ ನಿಯಮ 1890ರ ಕಾಯ್ದೆಯಿಂದ ಬಂದು 1891ರಿಂದ ಜಾರಿಯಾಯಿತು. ಬರೀ "ಬೆಲ್ಜಿಯಂ" ಎಂದು ಒತ್ತಿದ ಕೋವಿ ಸಾಮಾನ್ಯವಾಗಿ ಅದರ ಈಚಿನದು.

ನಳಿಗೆಯ ಉದ್ದ, ಬಾಯಿಯ ಒಳ ಅಗಲ ಅಳೆದು ಬರೆಯಿರಿ. 1853ರ ಎನ್‌ಫೀಲ್ಡಿನ ಪೂರ್ಣ ಉದ್ದದ ರೈಫಲ್ಲಿಗೆ 39 ಇಂಚಿನ ನಳಿಗೆ, ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಲೋಹದ ಪಟ್ಟಿ, 0.577 ಇಂಚಿನ ಬಾಯಿ ಇರಬೇಕು. ಮೂರು ಪಟ್ಟಿ ಇದ್ದು ನಳಿಗೆ 36 ಇಂಚು ಬಂದರೆ ಯಾರೋ ಕತ್ತರಿಸಿದ್ದಾರೆ. ಮುಂದಿನ ಗುರಿಕಡ್ಡಿ ಬಾಯಿಗೆ ತೀರ ಹತ್ತಿರ ಇರುವುದು, ಗಜ (ಈಡು ಜಡಿಯುವ ಕಡ್ಡಿ) ನಳಿಗೆಯಿಂದ ಆಚೆಗೆ ಚಾಚಿಕೊಂಡಿರುವುದು ಕತ್ತರಿಸಿದ್ದರ ಲಕ್ಷಣ.

## 5. ಅಸಲಿಯೋ, ನಕಲಿಯೋ, ತೇಪೆ ಹಾಕಿದ್ದೋ

ಪೂರ್ತಿ ನಕಲಿ ಹಿಡಿಯುವುದು ಅಷ್ಟು ಕಷ್ಟವಲ್ಲ. ನಳಿಗೆಯ ಮೇಲೆ "ಬ್ಲ್ಯಾಕ್ ಪೌಡರ್ ಓನ್ಲಿ" ಎಂದು ಕೊರೆದಿದ್ದರೆ ಅದು ಇಪ್ಪತ್ತನೇ ಶತಮಾನದ ನಡುವಿನಿಂದ ಈಚೆಗೆ ಮಾಡಿದ ಪ್ರತಿ. 1850ರಲ್ಲಿ ಬೇರೆ ಮದ್ದೇ ಇರಲಿಲ್ಲ, ಎಚ್ಚರಿಕೆ ಬರೆಯುವ ಅಗತ್ಯ ಯಾರಿಗಿತ್ತು? ಇಟಲಿಯಲ್ಲಿ ಮಾಡಿದ ಪ್ರತಿಗಳಲ್ಲಿ ಪಿ.ಎನ್. ಅಕ್ಷರ ಇರುವ ಪರೀಕ್ಷಾ ಮುದ್ರೆ, ಪಕ್ಕದಲ್ಲಿ ಸಣ್ಣ ಚೌಕದೊಳಗೆ ವರ್ಷ ಸೂಚಿಸುವ ಅಕ್ಷರಗಳು ಇರುತ್ತವೆ. ಇವನ್ನು ಅರದಿಂದ ಉಜ್ಜಿ ತೆಗೆದು ಮಾರುವವರೂ ಇದ್ದಾರೆ. ಉಜ್ಜಿದ ಜಾಗ ಬೆಳಕಿಗೆ ಓರೆ ಹಿಡಿದರೆ ಸಣ್ಣ ತಗ್ಗಾಗಿ ಕಾಣುತ್ತದೆ.

ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಖೈಬರ್ ಕಣಿವೆಯ ಕಡೆ ಕೈಯಲ್ಲಿ ಮಾಡಿದ, ಬ್ರಿಟಿಷ್ ಸೈನ್ಯದ ಮಾರ್ಟಿನಿ-ಹೆನ್ರಿ ರೈಫಲ್ಲಿನ ನಕಲುಗಳು ಬಹಳ ಓಡಾಡುತ್ತವೆ. ಕಾಗುಣಿತ ತಪ್ಪಿದ ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುಗಿದ ಇಂಗ್ಲಿಷ್ ಎನ್, ಒಂದೇ ಸಾಲಿನಲ್ಲಿ ಏರುಪೇರಾದ ಗಾತ್ರ ನೋಡಿ. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್. ಅಕ್ಷರ ಇದ್ದು ಕೆಳಗೆ 1905 ಎಂದಿದ್ದರೆ ಅಲ್ಲಿಗೆ ಮುಗಿಯಿತು. ಆಕೆ ತೀರಿಕೊಂಡದ್ದು 1901ರ ಜನವರಿಯಲ್ಲಿ.

ಕಷ್ಟವಾಗುವುದು ತೇಪೆ ಹಾಕಿದ ಕೋವಿ. ಚಕಮಕಿ ಕೋವಿಯನ್ನು ಹಿಂದಿನವರೇ ಕೇಪಿಗೆ ಬದಲಿಸಿರುತ್ತಾರೆ. ಚಕಮಕಿಗೆ ಬೆಲೆ ಜಾಸ್ತಿ ಅಂತ ಈಗಿನವರು ಅದನ್ನು ಮತ್ತೆ ಹಿಂದಕ್ಕೆ ತಿರುಗಿಸುತ್ತಾರೆ. ಇದನ್ನು ಹಿಡಿಯಲು ಬೆಂಕಿ ತೂತಿನ ಸುತ್ತಮುತ್ತ ಭೂತಗನ್ನಡಿ ಇಟ್ಟು ನಿಧಾನಕ್ಕೆ ನೋಡಿ. ನಿಜವಾಗಿ ಬಳಸಿದ ಚಕಮಕಿ ಕೋವಿಯಲ್ಲಿ ಪ್ರತಿ ಈಡಿಗೂ ಅಲ್ಲಿ ಬೆಂಕಿ ಚಿಮ್ಮಿದೆ. ತೂತಿನ ಅಂಚು ದುಂಡಗೆ ಸವೆದಿರುತ್ತದೆ, ಸುತ್ತಲಿನ ಕಬ್ಬಿಣ ಸಿಡುಬಿನ ಕಲೆಯಂತೆ ತೂತುತೂತಾಗಿರುತ್ತದೆ, ಬಟ್ಟಲಿನ ಒಳಮೈಯೂ ಹಾಗೇ. ತೂತು ಅಚ್ಚುಕಟ್ಟಾಗಿದ್ದು, ಸುತ್ತಲೂ ನಯವಾಗಿದ್ದು, ನಳಿಗೆಯ ಉಳಿದ ಭಾಗವೆಲ್ಲ ಒರಟಾಗಿದ್ದರೆ ಆ ತುದಿಯನ್ನು ಈಚೆಗೆ ಮುಟ್ಟಿದ್ದಾರೆ. ಲಾಕಿನ ತಟ್ಟೆಯಲ್ಲಿ ತುಂಬಿ ಮುಚ್ಚಿದ ತಿರುಪಿನ ತೂತುಗಳಿದ್ದರೆ ಅದು ಇನ್ನೊಂದು ಸಾಕ್ಷಿ.

ಅಕ್ಷರ ಮತ್ತು ತುಕ್ಕಿನ ಗುಳಿ, ಯಾವುದು ಮೊದಲು ಬಂದದ್ದು ಅಂತ ನೋಡುವುದು ನನಗೆ ತುಂಬ ನಂಬಿಕೆಯ ಪರೀಕ್ಷೆ. ಅಸಲಿ ಬರಹದಲ್ಲಿ ತುಕ್ಕಿನ ಗುಳಿ ಅಕ್ಷರದ ಗೆರೆಯನ್ನೇ ತಿಂದು ಆಚೆ ಈಚೆ ಹರಡಿರುತ್ತದೆ. ಬರಹವನ್ನು ಆಮೇಲೆ ಸೇರಿಸಿದ್ದರೆ ಅಕ್ಷರದ ಗೆರೆ ಗುಳಿಯ ಮೇಲೆ ಹಾದುಹೋಗಿರುತ್ತದೆ, ಗೆರೆಯ ಅಂಚು ಗುಳಿಯ ಒಳಗೂ ಚೂಪಾಗಿ ಉಳಿದಿರುತ್ತದೆ. ದೊಡ್ಡ ತಯಾರಕನ ಹೆಸರು ಇದ್ದರೆ ಈ ಪರೀಕ್ಷೆ ಮಾಡದೆ ಹಣ ಕೊಡಲೇಬೇಡಿ.

ಮಾರುವವರು ಒಪ್ಪಿದರೆ ಲಾಕ್ ತೆಗೆಸಿ ಮರದೊಳಗಿನ ಗೂಡನ್ನು ನೋಡಿ. ಹೊರಗೆ ಕಪ್ಪಗೆ ಹಳೇದಾಗಿ ಕಾಣುವ ಮರ ಒಳಗೆ ತೆಳು ಹಳದಿಯಾಗಿ, ಹೊಸದಾಗಿ ಕೊರೆದಂತೆ ಇದ್ದರೆ ಹೊರಗಿನದು ಬಣ್ಣ. ಅಯಸ್ಕಾಂತವನ್ನು ಲೋಹದ ತುಂಡುಗಳಿಗೆಲ್ಲ ಹಿಡಿದು ನೋಡಿ. ಹಿತ್ತಾಳೆ ಅಂದದ್ದಕ್ಕೆ ಅಂಟಿದರೆ ಅದು ಲೇಪ, ಉಕ್ಕು ಅಂದದ್ದಕ್ಕೆ ಅಂಟದಿದ್ದರೆ ಅಲಂಕಾರಕ್ಕೆ ಎರಕ ಹೊಯ್ದ ಸಾಮಾನು. ಎರಕದ ಅಚ್ಚಿನ ಗೆರೆ ಟ್ರಿಗರ್ ಬಳೆಯ ನಡುವೆ ಉದ್ದಕ್ಕೆ ಕಾಣುವುದೂ ಉಂಟು.

## 6. ಕೊಳ್ಳುವುದು

ಫೋಟೋ ನೋಡಿ ಕೊಳ್ಳಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಲಾಕಿನ ಎರಡೂ ಮಗ್ಗುಲು, ನಳಿಗೆಯ ಅಡಿ, ಎಲ್ಲ ಮುದ್ರೆ, ತಿರುಪುಗಳ ತಲೆ ಇವುಗಳ ಫೋಟೋ ಕೇಳಿ. ತಿರುಪಿನ ಸೀಳು ಹರಿದು ಅಗಲವಾಗಿದ್ದರೆ ಅಳತೆ ಹೊಂದದ ಸ್ಕ್ರೂಡ್ರೈವರಿನಲ್ಲಿ ಯಾರೋ ಬಿಚ್ಚಿದ್ದಾರೆ, ಒಳಗೆ ಏನು ಬದಲಾಗಿದೆ ಅಂತ ಕೇಳಿ.

ರಸೀದಿಯಲ್ಲಿ ವಿವರ ಪೂರ್ತಿ ಬರೆಸಿ: ಮಾದರಿ, ಸೀರಿಯಲ್ ನಂಬರ್, ಅಂದಾಜು ಕಾಲ, ಆಮೇಲೆ ಬದಲಿಸಿದ ಭಾಗಗಳು. ಇಂಥವರ ಕೋವಿ, ಇಂಥ ಯುದ್ಧದ ಕೋವಿ ಎಂದು ಕತೆ ಹೇಳಿದರೆ ಕತೆಗೆ ಕಾಗದ ಕೇಳಿ. ಕಾಗದ ಇಲ್ಲದ ಕತೆಗೆ ಹಣ ಕೊಡಬೇಕಾಗಿಲ್ಲ.

## 7. ಶುಚಿ ಮಾಡುವುದು

ಕೋವಿಯ ಬೆಲೆಯ ದೊಡ್ಡ ಪಾಲು ಅದರ ಮೇಲ್ಮೈಯಲ್ಲಿದೆ. ಕಂದು ಬಣ್ಣಕ್ಕೆ ತಿರುಗಿದ ಕಬ್ಬಿಣ, ಕೈ ತಾಗಿ ತಾಗಿ ನಯವಾದ ಮರ, ಮಂಕಾದ ಹಿತ್ತಾಳೆ ಇವು ಕೊಳೆ ಅಲ್ಲ. ಒಂದು ಸಲ ಉಜ್ಜಿ ತೆಗೆದರೆ ಮರಳಿ ಬರುವುದಿಲ್ಲ. ಮುದ್ರೆಯ ಅಂಚುಗಳೂ ಅದರ ಜೊತೆಗೇ ಹೋಗುತ್ತವೆ.

ಹಾಗಾದರೆ ತೆಗೆಯಬೇಕಾದದ್ದು ಯಾವುದು? ಬೆಳೆಯುತ್ತಿರುವ ತುಕ್ಕು ಮಾತ್ರ. ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಕಿತ್ತಳೆ ಬಣ್ಣದ ಪುಡಿ ಅಂಟಿದರೆ ತುಕ್ಕು ಇನ್ನೂ ಬೆಳೆಯುತ್ತಿದೆ. ಮೇಲ್ಮೈ ಗಟ್ಟಿಯಾಗಿ, ಕಂದುಗಪ್ಪಾಗಿದ್ದು ಬಟ್ಟೆಗೆ ಏನೂ ಅಂಟದಿದ್ದರೆ ಅದು ನಿಂತ ತುಕ್ಕು, ಹಾಗೇ ಬಿಡಿ.

ಕೆಂಪು ತುಕ್ಕಿನ ಜಾಗಕ್ಕೆ ಒಂದು ಹನಿ ತೆಳು ಎಣ್ಣೆ ಹಾಕಿ ಒಂದೆರಡು ದಿನ ಬಿಡಿ. ಎಣ್ಣೆ ಮರಕ್ಕೆ ಹರಿಯದಂತೆ ನೋಡಿಕೊಳ್ಳಿ. ಆಮೇಲೆ ಒರಟು ಹತ್ತಿ ಬಟ್ಟೆಯಲ್ಲಿ ಒರೆಸಿ. ಹೋಗದಿದ್ದರೆ ಚೂಪುಮಾಡಿದ ಬಿದಿರ ಕಡ್ಡಿ ಅಥವಾ ಮೆತ್ತನೆಯ ಹಿತ್ತಾಳೆ ತಗಡಿನ ಅಂಚಿನಿಂದ ತುಕ್ಕಿನ ಹಕ್ಕಳೆಯನ್ನು ಎಬ್ಬಿಸಿ. ಹಿತ್ತಾಳೆ ಕಬ್ಬಿಣಕ್ಕಿಂತ ಮೆತ್ತಗಿರುವುದರಿಂದ ಕೆಳಗಿನ ಲೋಹಕ್ಕೆ ಗೀರು ಬೀಳುವುದು ಕಡಿಮೆ. ಮತ್ತೆ ಎಣ್ಣೆ, ಮತ್ತೆ ಕಾಯುವುದು. ವಾರ ಹಿಡಿದರೂ ಪರವಾಗಿಲ್ಲ. ಯಾರಿಗೂ ಕಾಣದ ಜಾಗದಲ್ಲಿ ಮೊದಲು ಮಾಡಿ ನೋಡಿ, ಆಮೇಲೆ ಮುಖದ ಭಾಗಕ್ಕೆ ಬನ್ನಿ. ಮುದ್ರೆಗಳ ಮೇಲೆ ಮಾತ್ರ ಏನೂ ಮಾಡಬೇಡಿ.

ನಳಿಗೆಯ ಒಳಗೆ ಹಳೇ ಮದ್ದಿನ ಮಸಿ ಉಳಿದಿದ್ದರೆ ಅದು ತೇವ ಹೀರುವ ಉಪ್ಪು. ಎಣ್ಣೆ ಒಂದರಿಂದ ಅದು ಹೋಗುವುದಿಲ್ಲ. ಮರದಿಂದ ನಳಿಗೆ ಬಿಚ್ಚದೆ ನೀರು ಹಾಕುವಂತಿಲ್ಲ, ಬಿಚ್ಚುವ ಕೆಲಸ ಬಲ್ಲವರದ್ದು. ನೀವು ಸ್ವಲ್ಪವೇ ತೇವ ಮಾಡಿದ ಬಟ್ಟೆಯನ್ನು ಕೋಲಿಗೆ ಸುತ್ತಿ ಒರೆಸಿ, ಒಣ ಬಟ್ಟೆ ಹಾಕಿ, ಕೊನೆಗೆ ಎಣ್ಣೆ ಬಟ್ಟೆ ಆಡಿಸಿ. ಮೂರನೇ ಹಂತದ ಪರೀಕ್ಷೆ ಮುಗಿದಿದ್ದರೆ ಮಾತ್ರ ಇದು.

ಹಿತ್ತಾಳೆಗೆ ಅಮೋನಿಯಾ ಇರುವ ಪಾಲಿಶ್ ಬೇಡ, ಹುಳಿ ಹಾಕಿ ತಿಕ್ಕುವುದೂ ಬೇಡ. ಸಂದುಗಳಲ್ಲಿ ಬಿಳಿ ಪುಡಿ ಉಳಿದು ಕೆತ್ತನೆ ಕೆಡುತ್ತದೆ. ಮರಕ್ಕೆ ಅಗಸೆ ಎಣ್ಣೆ ಹಚ್ಚುವ ಹಳೇ ರೂಢಿಯನ್ನೂ ಬಿಡಿ. ಅದು ಧೂಳು ಹಿಡಿದು ಅಂಟಂಟಾಗಿ ಕಪ್ಪಾಗುತ್ತದೆ, ಗಟ್ಟಿಯಾದ ಮೇಲೆ ತೆಗೆಯುವುದು ಕಷ್ಟ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ತೆಳುವಾಗಿ ಮೈಕ್ರೋಕ್ರಿಸ್ಟಲಿನ್ ಮೇಣ ಸವರಿ, ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. 1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನವರು ಇಂಥ ವಸ್ತುಗಳಿಗಾಗಿಯೇ ರೂಪಿಸಿದ ಮೇಣ ಇದು. ಕಬ್ಬಿಣ, ಹಿತ್ತಾಳೆ, ಮರ ಮೂರಕ್ಕೂ ನಡೆಯುತ್ತದೆ.

ಕುದುರೆ ಎಳೆದು ಟಕ್ ಅಂತ ಬಿಟ್ಟು ಆಡಬೇಡಿ. ಹಳೇ ಸ್ಪ್ರಿಂಗ್ ಮುರಿಯುತ್ತದೆ, ನಿಪ್ಪಲ್ಲಿನ ತುದಿ ಜಜ್ಜಿಹೋಗುತ್ತದೆ. ಬಂದವರಿಗೆ ತೋರಿಸುವಾಗಲೂ ಇದನ್ನು ಮೊದಲೇ ಹೇಳಿ.

ಎಚ್ಚರದ ಗುರುತು: ಬಟ್ಟೆಯ ಮೇಲೆ ಕಂದು ಬದಲು ಬೂದು ಬಣ್ಣ ಬರುತ್ತಿದ್ದರೆ ನೀವು ತುಕ್ಕು ದಾಟಿ ಲೋಹವನ್ನೇ ತೆಗೆಯುತ್ತಿದ್ದೀರಿ. ಅಲ್ಲೇ ನಿಲ್ಲಿಸಿ.

## 8. ಇಡುವ ಜಾಗ

ಗಾಳಿಯಲ್ಲಿನ ತೇವ ಶೇ. 45ರಿಂದ 55ರ ನಡುವೆ ಇರಲಿ. ಅದಕ್ಕಿಂತ ಜಾಸ್ತಿಯಾದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ತೀರ ಕಡಿಮೆಯಾದರೆ ಮರ ಬಿರಿಯುತ್ತದೆ. ತೇವ ಒಂದೇ ಸಮನೆ ಇರುವುದು ಇನ್ನೂ ಮುಖ್ಯ, ಏರಿಳಿತವೇ ಮರವನ್ನು ಹಾಳುಮಾಡುವುದು. ತೇವ ಅಳೆಯುವ ಮೀಟರ್ ಕಪಾಟಿನ ಒಳಗೇ ಇಡಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಹಾಕಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಿ.

ಚರ್ಮದ ಒರೆಯಲ್ಲಿ, ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ ಕೋವಿ ಇಟ್ಟು ಮರೆಯುವುದು ಬಹಳ ಜನ ಮಾಡುವ ತಪ್ಪು. ಎರಡೂ ತೇವ ಹಿಡಿದಿಡುತ್ತವೆ. ಚರ್ಮ ತಾಗಿದ ಹಿತ್ತಾಳೆಗೆ ಹಸಿರು ಕಿಲುಬು ಬರುತ್ತದೆ. ಒರೆಯನ್ನು ಬೇರೆ ಇಡಿ. ಓಕ್ ಮರದ ಕಪಾಟೂ ಬೇಡ. ಅದರಿಂದ ಹೊರಡುವ ಆಸಿಡ್ ಆವಿಗೆ ಸೀಸದ ಗುಂಡುಗಳು ಬಿಳಿ ಪುಡಿಯಾಗುತ್ತವೆ. ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ, ಸೀಸ ವಿಷ.

ಉದ್ದ ಕೋವಿಯನ್ನು ನಿಲ್ಲಿಸಿಡುವುದಾದರೆ ಬಾಯಿ ಕೆಳಗೆ ಮಾಡಿ, ಕೆಳಗೆ ಮೆತ್ತನೆಯ ಆಸರೆ ಕೊಡಿ. ಬಾಯಿ ಮೇಲಿದ್ದರೆ ಎಣ್ಣೆ ನಿಧಾನಕ್ಕೆ ಇಳಿದು ಲಾಕಿನ ಸುತ್ತಲಿನ ಮರವನ್ನು ಮೆತ್ತಗೆ ಮಾಡುತ್ತದೆ. ಕುದುರೆ ಯಾವಾಗಲೂ ಇಳಿದ ಸ್ಥಿತಿಯಲ್ಲಿರಲಿ. ಗೋಡೆಗೆ ತೂಗುಹಾಕುವುದಾದರೆ ಬಿಸಿಲು ಬೀಳದ, ಹೊರಗೋಡೆ ಅಲ್ಲದ ಜಾಗ ನೋಡಿ. ಏನೇ ಆದರೂ ಬೀಗ ಇರಲೇಬೇಕು, ಮಕ್ಕಳ ಕೈಗೆ ಸಿಗಬಾರದು.

ಮುಟ್ಟಿದ ಪ್ರತಿ ಸಲ ಒರೆಸಿಯೇ ಒಳಗಿಡಿ. ಬೆವರಿನ ಉಪ್ಪಿನಿಂದ ಬೆರಳಚ್ಚು ಹಾಗೇ ಕಬ್ಬಿಣದ ಮೇಲೆ ತುಕ್ಕಾಗಿ ಮೂಡುತ್ತದೆ. ಬೆರಳ ಗೆರೆಗಳ ಸಮೇತ ಮೂಡಿದ ಆ ಗುರುತನ್ನು ಹಳೇ ಸಂಗ್ರಹಗಳಲ್ಲಿ ಎಷ್ಟೋ ಕಡೆ ನೋಡಬಹುದು.

## 9. ದಾಖಲೆ

ಪ್ರತಿ ಕೋವಿಗೂ ಒಂದು ಸಂಖ್ಯೆ, ಒಂದು ಫೈಲು. ಸಂಖ್ಯೆಯನ್ನು ಕೋವಿಯ ಮೇಲೆ ಬರೆಯಬೇಡಿ, ಅಂಟುಪಟ್ಟಿ ಹಚ್ಚಬೇಡಿ. ಹತ್ತಿ ದಾರದಲ್ಲಿ ಕಾಗದದ ಚೀಟಿ ಕಟ್ಟಿ. ಫೈಲಿನಲ್ಲಿ ಅಳತೆಗಳು, ಎಲ್ಲ ಮುದ್ರೆಗಳ ಹತ್ತಿರದ ಫೋಟೋ, ರಸೀದಿ, ಅನುಮತಿ ಪತ್ರದ ಪ್ರತಿ, ಈಡಿನ ಪರೀಕ್ಷೆ ಮಾಡಿದ ದಿನ ಮತ್ತು ಮಾಡಿದವರ ಹೆಸರು ಇರಲಿ. ನೀವು ಏನೇ ಹಚ್ಚಿದರೂ, ಒಂದು ಹನಿ ಎಣ್ಣೆಯಾದರೂ, ದಿನಾಂಕ ಹಾಕಿ ಬರೆಯಿರಿ. ಮುಂದೆ ಇದನ್ನು ಸರಿಮಾಡುವವರು ಮೊದಲು ಕೇಳುವುದೇ ಅದನ್ನು.

ಫೈಲಿನ ಒಂದು ಪ್ರತಿ ಬೇರೆ ಮನೆಯಲ್ಲಿರಲಿ. ಕಳುವಾದರೆ ಪೊಲೀಸರಿಗೆ, ವಿಮೆಯವರಿಗೆ ಕೊಡಲು ಅದೊಂದೇ ದಾರಿ. ಮನೆಯವರಲ್ಲಿ ಒಬ್ಬರಿಗಾದರೂ ಫೈಲು ಎಲ್ಲಿದೆ, ಯಾವ ಕೋವಿಗೆ ಅನುಮತಿ ಬೇಕು, ನೀವು ಇಲ್ಲದಾಗ ಯಾವ ಅಧಿಕಾರಿಗೆ ತಿಳಿಸಬೇಕು ಅಂತ ಬರೆದು ಕೊಡಿ. ವರ್ಷಕ್ಕೊಮ್ಮೆ ಆ ಪಟ್ಟಿಯನ್ನೂ ಕಪಾಟನ್ನೂ ಅವರ ಜೊತೆ ಕೂತು ತಾಳೆ ನೋಡಿ.